ಬಾಯ್ಲರಪ್ಪನ ಕೆಂಪು ಬಿಲ್ಲೆ

ಬಾಯ್ಲರಪ್ಪನಿಗೆ ಸಿಟ್ಟು ಬರುತ್ತದೆ ಎಂದರೆ ತಪ್ಪಾದೀತು. ಸಿಟ್ಟು ಅವನ ಹತ್ತಿರ ಸದಾ ಇರುತ್ತಿತ್ತು. ನಿದ್ದೆ ಮಾಡುವಾಗ ಮಾತ್ರ ಸ್ವಲ್ಪ ಪಕ್ಕಕ್ಕಿಡುತ್ತಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡವನು ಅವನು. ಹೆಸರು ಅಲ್ಲಿನವರು ಇಟ್ಟದ್ದು. ಕೆಲಸಕ್ಕೂ ಗುಣಕ್ಕೂ ಒಟ್ಟಿಗೇ ಹೊಂದುತ್ತಿದ್ದುದರಿಂದ ಮನೆಯವರೂ ಅದನ್ನೇ ಇಟ್ಟುಕೊಂಡರು. ಹಬೆ ಯಾಕೆ ತಡವಾಯಿತು ಎಂದು ಕೇಳಲು ಬಂದ ಮೇಲ್ವಿಚಾರಕನನ್ನು ಒಮ್ಮೆ ಅವನು ಹೊರಗೆ ನಿಲ್ಲಿಸಿ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದ. ಆ ಕಥೆಯನ್ನು ಇವತ್ತಿಗೂ ತಾನೇ ಹೇಳಿ ತಾನೇ ನಗುತ್ತಾನೆ.

ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ವಾಲ್ವ್ ಮುಚ್ಚಿದರೂ ಅದರ ಮೇಲೆ ಅಂಗೈಯಗಲದ ಒಂದು ಕೆಂಪು ತಗಡಿನ ಬಿಲ್ಲೆ ನೇತುಹಾಕುತ್ತಿದ್ದ. ‘ಮುಟ್ಟಬೇಡಿ’ ಎಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಹಾಕಿದವನೇ ತೆಗೆಯಬೇಕು, ವಾಲ್ವ್ ತೆರೆದ ಮೇಲೆಯೇ ತೆಗೆಯಬೇಕು. ಬಿಲ್ಲೆ ವಾಲ್ವಿನ ಮೇಲಿದ್ದರೆ ಮುಚ್ಚಿದೆ ಎಂದು ಲೆಕ್ಕ, ಬಾಯ್ಲರಪ್ಪನ ಜೇಬಿನಲ್ಲಿದ್ದರೆ ತೆರೆದಿದೆ ಎಂದು ಲೆಕ್ಕ. ನಿವೃತ್ತನಾದ ದಿನ ಲಾಂಡ್ರಿಯವರು ಕೊಟ್ಟ ಗೋಡೆ ಗಡಿಯಾರವನ್ನು ಯಾರಿಗೋ ದಾನ ಮಾಡಿದ. ಬಿಲ್ಲೆಯನ್ನು ಮಾತ್ರ ಯಾರಿಗೂ ಹೇಳದೆ ಕೇಳದೆ ಮನೆಗೆ ತಂದ.

ಆ ಬಿಲ್ಲೆಯಿಂದಲೇ ಒಬ್ಬನ ಕೆಲಸ ಹೋಗಿತ್ತು. ಎರಡು ವರ್ಷದ ಹಿಂದೆ ಒಂದು ದಿನ, ಬಾಯ್ಲರಿಗೆ ನೀರು ಹೋಗುವ ವಾಲ್ವ್ ಮುಚ್ಚಿಯೇ ಉಳಿದು, ನೀರಿಲ್ಲದೆ ಒಳಗಿನ ಕೊಳವೆಗಳೆಲ್ಲ ಸುಟ್ಟುಹೋದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಹನ್ನೊಂದು ದಿನ ಲಾಂಡ್ರಿ ನಿಂತು ಆಸ್ಪತ್ರೆಯ ಚಾದರಗಳು ಚಾವಣಿ ಮುಟ್ಟುವಷ್ಟು ರಾಶಿ ಬಿದ್ದವು. ವಿಚಾರಣೆಯಲ್ಲಿ ಬಾಯ್ಲರಪ್ಪ ಎದೆಯುಬ್ಬಿಸಿ ಹೇಳಿದ: ‘ನೀರು ಸೋಸೋ ಜಾಲರಿ ತೊಳೆಯೋಕೆ ಮುಚ್ಚಿದ್ದು ನಿಜ. ಆದರೆ ನಾನು ತೆರೆದಿದ್ದೆ. ತೆರೆಯದೆ ಬಿಲ್ಲೆ ತೆಗೆಯೋನಲ್ಲ ನಾನು. ಬಿಲ್ಲೆ ನನ್ನ ಜೇಬಲ್ಲಿದೆ, ನೋಡಿ. ಆಮೇಲೆ ಯಾರೋ ಮುಚ್ಚಿದಾರೆ.’

ಬಾಯ್ಲರ್ ಕೋಣೆಯಲ್ಲಿ ಇದ್ದವರೇ ಇಬ್ಬರು. ಹಾಗಾಗಿ ಆ ‘ಯಾರೋ’ ಯಾರೆಂದು ಹುಡುಕುವ ಕಷ್ಟ ಯಾರಿಗೂ ಬೀಳಲಿಲ್ಲ. ಇನ್ನೊಬ್ಬ ಲಂಬು. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರದ, ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬಾಯ್ಲರಪ್ಪನ ಅಳಿಯನ ಒಡಹುಟ್ಟಿದ ತಮ್ಮ. ಬೀಗರು ಎಂಬ ಸಲಿಗೆಯಿಂದ ಬಾಯ್ಲರಪ್ಪನೇ ಅದಕ್ಕೂ ಒಂಬತ್ತು ವರ್ಷ ಮೊದಲು ಅವನನ್ನು ಆ ಕೆಲಸಕ್ಕೆ ಸೇರಿಸಿದ್ದ. ಬಾಯ್ಲರಪ್ಪನ ಒಂದು ಮಾತಿನಿಂದಲೇ ಅವನು ಅಲ್ಲಿಂದ ಹೊರಬಿದ್ದ. ಈಗ ಲಾರಿ ಶೆಡ್ಡಿನಲ್ಲಿ ಕೊಳವೆ ಹಿಡಿದು ಲಾರಿ ತೊಳೆಯುತ್ತಾನೆ. ಅಲ್ಲಿಂದಾಚೆ ಎರಡು ಮನೆಗೂ ಎಣ್ಣೆ ಸೀಗೇಕಾಯಿ. ನಡುವೆ ಸಿಕ್ಕಿಕೊಂಡವಳು ಮಗಳು. ‘ನಮ್ಮಪ್ಪ ಒರಟ ಇರಬಹುದು, ಸುಳ್ಳುಗಾರ ಅಲ್ಲ’ ಎಂದು ಅವಳು ಗಂಡನ ಮನೆಯಲ್ಲಿ ನಿಂತುಕೊಂಡೇ ಎರಡು ವರ್ಷ ಜಗಳವಾಡಿದ್ದಳು.

ಈ ವರ್ಷದ ಕೊನೆಯ ರಜೆಗೆ ಅವಳು ಹಟ ಹಿಡಿದಳು. ಎಲ್ಲರೂ ಒಂದೇ ಮೇಜಿಗೆ ಕೂತು ಉಣ್ಣಬೇಕು, ಹಿಂದಿನಂತೆ ಅಪ್ಪನೇ ಸೊಪ್ಪು ತುಂಬಿದ ಟರ್ಕಿ ಕೋಳಿ ಹುರಿಯಬೇಕು. ಹಟದ ಹಿಂದೆ ಒಂದು ಕಾರಣವಿತ್ತು. ಲಾಂಡ್ರಿಯ ಈಗಿನ ಬಾಯ್ಲರಿನವನು ಕೆಲಸ ಬಿಟ್ಟಿದ್ದ. ‘ನಿಮ್ಮ ಹಳೇ ಮೇಸ್ತ್ರಿ ಬಂದು, ಅವತ್ತು ನಾನೇ ಮರೆತಿರಬಹುದು ಅಂತ ಒಂದು ಮಾತು ಹೇಳಲಿ, ನಿನ್ನನ್ನ ವಾಪಸ್ ತಗೋತೀನಿ’ ಎಂದು ಮ್ಯಾನೇಜರ್ ಲಂಬುವಿಗೆ ಹೇಳಿದ್ದ.

‘ಸೋಮವಾರ ಹತ್ತು ಗಂಟೆ ಒಳಗೆ ಹೇಳಬೇಕಂತೆ ಅಪ್ಪ. ನನಗೋಸ್ಕರ ಒಂದು ಸುಳ್ಳು ಹೇಳಿ.’

‘ಮಾಡದ ತಪ್ಪನ್ನ ಮಾಡ್ದೆ ಅನ್ನಲಾ? ನನ್ನ ಮೂವತ್ತೊಂದು ವರ್ಷಾನ ಚರಂಡಿಗೆ ಸುರೀಲಾ?’

‘ಊಟಕ್ಕಾದ್ರೂ ಬನ್ನಿ.’

ಬರುತ್ತೇನೆಂದ. ಆಗುವುದಿಲ್ಲ ಎನ್ನುವುದನ್ನು ಎಲ್ಲರ ಮುಖದ ಮೇಲೆ ಒಂದೇ ಸಲ ಹೇಳಿದರೆ ಮತ್ತೆ ಯಾರೂ ಕೇಳುವುದಿಲ್ಲ ಎಂಬುದು ಅವನ ಎಣಿಕೆ. ಟರ್ಕಿ ಹೊಟ್ಟೆಗೆ ಬಿದ್ದ ಮೇಲೆ ಹೇಳುವುದೆಂದು ನಿಶ್ಚಯಿಸಿಕೊಂಡೇ, ಐದು ಕಿಲೋ ಕೋಳಿಯನ್ನು ಹೆಗಲಿಗೇರಿಸಿಕೊಂಡು, ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡು ಬೆಳಿಗ್ಗೆ ಎಂಟೂವರೆಗೆ ಮಗಳ ಮನೆ ಹೊಕ್ಕ.

ಅಡುಗೆಮನೆಯಲ್ಲಿ ಬೀಗತಿ ಆಗಲೇ ಸ್ಟೂಲ್ ಹಾಕಿಕೊಂಡು ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಅಳಿಯನಿಗೂ ಲಂಬುವಿಗೂ ತಾಯಿ. ‘ಬಂದ್ರಾ’ ಎಂದಳು. ‘ಬಂದೆ’ ಎಂದ. ಎರಡು ವರ್ಷದ ಮೇಲೆ ಎದುರಾದ ಬೀಗರ ನಡುವೆ ನಡೆದ ಉಭಯಕುಶಲೋಪರಿ ಇಷ್ಟೇ.

ಆ ಮನೆಯ ಗ್ಯಾಸ್ ಓವನ್ ಸಾಧಾರಣದ್ದಲ್ಲ. ಲಾಂಡ್ರಿಯ ಕ್ಯಾಂಟೀನಿನವರು ಗುಜರಿಗೆ ಹಾಕಿದ್ದನ್ನು ಬಾಯ್ಲರಪ್ಪನೇ ತಂದು, ತುಕ್ಕು ಕೆರೆದು, ಗೋಡೆಯಿಂದ ಬರುವ ಪೈಪಿಗೆ ತನಗೊಪ್ಪುವ ಒಂದು ಹಿತ್ತಾಳೆ ವಾಲ್ವ್ ಕೂರಿಸಿದ್ದ. ಕಬ್ಬಿಣದ ಬಾಗಿಲು, ಅದಕ್ಕೆ ಗಾಜು ಇಲ್ಲ. ಉರಿ ನೋಡಬೇಕೆಂದರೆ ಮಂಡಿಯೂರಿ ಬುಡದಲ್ಲಿರುವ ಕಾಸಿನಗಲದ ತೂತಿಗೆ ಕಣ್ಣಿಡಬೇಕು.

ಕೋಳಿಯ ವಿಷಯದಲ್ಲಿ ಮಾತ್ರ ಬಾಯ್ಲರಪ್ಪನ ಕೈ ಬೇರೆಯೇ ಮನುಷ್ಯನ ಕೈ. ನೀರಿನ ಪಸೆ ಒಂದಿಷ್ಟೂ ಉಳಿಯದಂತೆ ಒಳಗೂ ಹೊರಗೂ ಒರೆಸಿದ. ಎದೆಯ ಚರ್ಮವನ್ನು ಹರಿಯದಂತೆ ಬೆರಳಿನಿಂದ ಬಿಡಿಸಿ ಅದರಡಿಗೆ ಬೆಣ್ಣೆ, ಉಪ್ಪು ತಳ್ಳಿದ. ಹಳೆಯ ಬ್ರೆಡ್ಡನ್ನು ಕೈಯಲ್ಲೇ ಮುರಿದು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಗೆ ಸೇರಿಸಿ, ಮೇಲೆ ಪಾರ್ಸ್ಲಿ, ಥೈಮ್, ರೋಸ್ಮರಿ ಸೊಪ್ಪನ್ನು ಹೆಚ್ಚಿ ಹಾಕಿದ. ಅಡುಗೆಮನೆಯೆಲ್ಲ ಘಮ್ಮೆಂದಿತು.

‘ಆ ಮುಳ್ಳುಮುಳ್ಳು ಸೊಪ್ಪು ಜಾಸ್ತಿ ಆಯ್ತು’ ಎಂದಳು ಬೀಗತಿ, ಆಲೂಗಡ್ಡೆಯಿಂದ ತಲೆಯೆತ್ತದೆ. ‘ಕೋಳಿಗೆ ಊಟಾನೋ, ಕಷಾಯಾನೋ?’

‘ನಿಮ್ಮ ಆಲೂಗಡ್ಡೆ ನೀವು ನೋಡ್ಕೊಳ್ಳಿ.’

‘ಹೋದ ಸಲಾನೂ ಗಂಟಲಿಗೆ ಸಿಕ್ಕಿತ್ತು. ಹೇಳಿದ್ರೆ ನಿಮಗೆ ಕೋಪ. ಒಲೆ ಬೇರೆ ಇನ್ನೂ ಕಾದಿಲ್ಲ ಅನ್ಸುತ್ತೆ...’

ಬಾಯ್ಲರಪ್ಪ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದ. ‘ನೋಡೀಮ್ಮ, ಒಂದು ಮಾತು. ಇವತ್ತು ಈ ಒಲೆ ವಿಷಯದಲ್ಲಿ ನಿಮ್ಮ ಬಾಯಿಂದ ಒಂದು ಅಕ್ಷರ ಹೊರಗೆ ಬರಕೂಡದು. ಮೂವತ್ತೊಂದು ವರ್ಷ ಬೆಂಕಿ ಜೊತೆ ಬದುಕಿದೋನು ನಾನು. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ.’

ಮಗಳು ಓಡಿಬಂದು ಇಬ್ಬರ ಮುಖವನ್ನೂ ನೋಡಿದಳು. ಬೀಗತಿ ‘ಆಗಲಪ್ಪ’ ಎಂದು ಮುಂದಿನ ಆಲೂಗಡ್ಡೆಗೆ ಕೈ ಹಾಕಿದಳು.

ತುಂಬಿದ ಹೊಟ್ಟೆಯನ್ನು ದಪ್ಪ ದಾರದಲ್ಲಿ ಹೊಲಿದು, ಕಾಲುಗಳನ್ನು ಜೋಡಿಸಿ ಕಟ್ಟಿ, ಕರಗಿದ ಬೆಣ್ಣೆಯಲ್ಲಿ ಅದ್ದಿದ ತೆಳುಬಟ್ಟೆಯನ್ನು ಎದೆಯ ಮೇಲೆ ಹೊದಿಸಿ ಹತ್ತು ಗಂಟೆಗೆ ಸರಿಯಾಗಿ ಕೋಳಿಯನ್ನು ಒಳಗೆ ತಳ್ಳಿದ. ಬಟ್ಟೆ ಹೊದಿಸಿದ ಮೇಲೆ ಮಧ್ಯೆ ಮಧ್ಯೆ ಬಾಗಿಲು ತೆಗೆದು ಬೆಣ್ಣೆ ಸವರುವ ಗೊಡವೆಯಿಲ್ಲ. ಬಾಯ್ಲರಿನ ಹಾಗೆ ಇದಕ್ಕೂ ಅವನದು ಒಂದೇ ಕಾನೂನು: ಕೆಲಸ ಮುಗಿಯುವವರೆಗೆ ಬಾಗಿಲು ತೆಗೆಯುವಂತಿಲ್ಲ. ಒಂದೂವರೆಗೆ ತೆಗೆಯುತ್ತೇನೆ, ಅಲ್ಲಿಯವರೆಗೆ ಯಾರಾದರೂ ಕೈ ಹಾಕಿದರೆ ಕೈ ಮುರಿಯುತ್ತೇನೆ ಎಂದು ಇಡೀ ಮನೆಗೆ ಕೇಳುವಂತೆ ಸಾರಿದ.

ಹನ್ನೊಂದು ದಾಟಿದ ಮೇಲೆ ಓವನ್ನಿನ ಸದ್ದು ಬದಲಾಯಿತು. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಬಾಯ್ಲರಪ್ಪ ಮಂಡಿಯೂರಿ ತೂತಿಗೆ ಕಣ್ಣಿಟ್ಟ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ಪಟಪಟ ಎನ್ನುತ್ತಿತ್ತು. ಬರ್ನರಿನ ರಂಧ್ರಗಳಿಗೆ ಮಸಿ ಕಟ್ಟಿತ್ತು. ಐದು ನಿಮಿಷದ ಕೆಲಸ. ಹಿತ್ತಾಳೆ ವಾಲ್ವ್ ಮುಚ್ಚಿದ. ಅಭ್ಯಾಸಬಲದಿಂದ ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಬಿಲ್ಲೆಯನ್ನು ತೆಗೆದು ವಾಲ್ವಿಗೆ ನೇತುಹಾಕಿತು. ಕೆಳಗಿನ ತಗಡು ಸರಿಸಿ, ಬಿಸಿ ಬರ್ನರನ್ನು ಇಕ್ಕಳದಲ್ಲಿ ಹೊರಗೆಳೆದು, ಪಿನ್ನಿನಿಂದ ಒಂದೊಂದೇ ರಂಧ್ರ ಬಿಡಿಸಿ, ಒರೆಸಿ ವಾಪಸ್ ಕೂರಿಸಿದ. ಬೆಂಕಿಪೊಟ್ಟಣ ಕಿಟಕಿಯ ಕಟ್ಟೆಯ ಮೇಲಿತ್ತು. ಏಳುತ್ತಾ ಬಿಲ್ಲೆಗೆ ಕೈ ಹಾಕಿದ.

ಬೀಗತಿ ಆಲೂಗಡ್ಡೆಗೆ ಹೇಳುವಂತೆ ಹೇಳಿದಳು: ‘ನನ್ನ ಮಗನೂ ಹಿಂಗೇ ದಿನಾ ನೆಲಕ್ಕೆ ಕೂತು ಒರೆಸ್ತಾನೆ. ಲಾರಿ ಚಕ್ರ.’

ಬಾಯ್ಲರಪ್ಪ ಬಿಲ್ಲೆ ಹಿಡಿದೇ ತಿರುಗಿದ. ‘ಏನಂದ್ರಿ?’

‘ಇರೋದನ್ನೇ ಅಂದೆ. ಒಂಬತ್ತು ವರ್ಷ ನಿಮ್ಮ ಹಿಂದೆ ಮೇಸ್ತ್ರಿ ಮೇಸ್ತ್ರಿ ಅಂತ ಸುತ್ತಿದ್ದಕ್ಕೆ ಚೆನ್ನಾಗೇ ಕೂಲಿ ಕೊಟ್ರಿ.’

‘ನಿಮ್ಮ ಮಗ ವಾಲ್ವ್ ಮುಚ್ಚಿ ಇಡೀ ಬಾಯ್ಲರ್ ಸುಟ್ಟ. ಜೈಲಿಗೆ ಹೋಗದೆ ಉಳಿದಿದ್ದು ನನ್ನ ದಯೆ!’ ಬಿಲ್ಲೆ ಜೇಬಿಗೆ ಹೋಯಿತು. ಬೆರಳು ಬೀಗತಿಯ ಮೂಗಿನ ಮುಂದೆ ಬಂತು.

‘ಅವನು ಮುಟ್ಟಿಲ್ಲ ಅಂತ ಅವತ್ತೂ ಹೇಳಿದ, ಇವತ್ತೂ ಹೇಳ್ತಾನೆ.’

‘ಹಾಗಾದ್ರೆ ನಾನು ಸುಳ್ಳುಗಾರನಾ?’

‘ಅದು ನಿಮ್ಮ ಬಾಯಲ್ಲೇ ಬಂತಲ್ಲ!’

ಹೀಗೆ ಶುರುವಾದದ್ದು ಮಗಳ ಮದುವೆಯ ದಿನ ಯಾರು ಯಾರಿಗೆ ಕುರ್ಚಿ ಕೊಡಲಿಲ್ಲ ಎನ್ನುವವರೆಗೂ ಹೋಯಿತು. ಬಾಯ್ಲರಪ್ಪ ಕೆಂಡಾಮಂಡಲವಾಗಿ ಬಾಗಿಲ ಕಡೆ ಹೊರಟ. ಆಗ ಬೀಗತಿಯ ಕಣ್ಣು ಓವನ್ನಿನ ಕಡೆ ಹೋಯಿತು. ದನಿ ಒಮ್ಮೆಲೇ ತಗ್ಗಿತು.

‘ಬೀಗರೇ, ಆ ಒಲೆ...’

‘ಒಲೆ ಅಂದ್ರೆ ನೋಡಿ ಮತ್ತೆ! ಏನು ಹೇಳಿದ್ದೆ ನಾನು? ಒಂದು ಅಕ್ಷರ!’

ಬೀಗತಿ ತೆರೆದ ಬಾಯಿ ಮುಚ್ಚಿದಳು. ಒಂದು ಕ್ಷಣ ಓವನ್ನನ್ನು ನೋಡಿದಳು, ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಅವನನ್ನು ನೋಡಿ ನಕ್ಕಳು. ‘ಸರಿ’ ಎಂದಳು.

ಬಾಯ್ಲರಪ್ಪ ಹೊರಗಿನ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಹಾಕಿ ಕೂತ. ಎದುರಿನ ರಸ್ತೆಯಲ್ಲಿ ಯಾರೋ ಸೈಕಲ್ ಚೈನ್ ಸರಿಮಾಡುತ್ತಿದ್ದರು. ಅದನ್ನೂ ಸರಿಯಾಗಿ ಮಾಡುತ್ತಿಲ್ಲವೆಂದು ಅವನಿಗೆ ಸಿಟ್ಟು ಬಂತು. ಊಟವಾದ ಮೇಲೆ ಹೇಳಬೇಕಾದ ಮಾತನ್ನು ಹೊಸದಾಗಿ ಮಸೆಯತೊಡಗಿದ. ‘ಆಗಲ್ಲ’ ಎಂದಷ್ಟೇ ಹೇಳುವುದೆಂದಿದ್ದವನು ಈಗ ಅದಕ್ಕೆ ಮುಂದೊಂದು ಹಿಂದೊಂದು ಬೈಗುಳ ಸೇರಿಸಿದ. ಸತ್ಯ ತನ್ನ ಕಡೆ ಇದ್ದರೂ ಜನ ತನ್ನನ್ನೇ ಮಾತಾಡಿಸುವುದಿಲ್ಲವಲ್ಲ ಎಂದು ದುಃಖವೂ ಆಯಿತು. ದುಃಖವಾಗಿದ್ದಕ್ಕೆ ಮತ್ತೆ ಸಿಟ್ಟು ಬಂತು. ಮಗಳು ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು ‘ಅಪ್ಪ, ಕೋಳಿ?’ ಎಂದಳು. ‘ಅದರ ಪಾಡಿಗೆ ಅದು ಬೇಯ್ತಿದೆ, ನನ್ನ ಪಾಡಿಗೆ ನನ್ನ ಬಿಡು’ ಎಂದ.

ಒಂದು ಗಂಟೆ ಹೊತ್ತಿಗೆ ಅಳಿಯ ಬಂದ. ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವ ಕೆಲಸ ಅವನದು. ಮಾತನ್ನೂ ಅಳೆದೇ ಆಡುವವನು. ಹಿಂದೆಯೇ ಲಂಬು, ಎರಡು ಕೈಯಲ್ಲಿ ನಾಲ್ಕು ಬಾಡಿಗೆ ಕುರ್ಚಿ ಹಿಡಿದುಕೊಂಡು. ಮೆಟ್ಟಿಲ ಮೇಲೆ ಕೂತವನನ್ನು ದಾಟಿ ಹೋಗುವಾಗ ‘ದಾರಿ’ ಎಂದ. ಹಿಂದೆ ಮಾತು ಮಾತಿಗೂ ‘ಮೇಸ್ತ್ರಿ’ ಎನ್ನುತ್ತಿದ್ದವನ ಬಾಯಲ್ಲಿ ಈಗ ಇವನಿಗೆ ಹೆಸರೇ ಇರಲಿಲ್ಲ. ಅವನ ಬೆರಳುಗಳು ಸೋಪಿನ ನೀರಿಗೆ ಬಿರಿದು ಬೆಳ್ಳಗಾಗಿದ್ದವು. ಬಾಯ್ಲರಪ್ಪ ನೋಡಿದ, ನೋಡದವನ ಹಾಗೆ ಕಾಲು ಎಳೆದುಕೊಂಡ.

ಒಂದೂವರೆಗೆ ಎಲ್ಲರೂ ಅಡುಗೆಮನೆಯ ಉದ್ದ ಮೇಜಿನ ಸುತ್ತ ಕೂತಿದ್ದರು. ಲಂಬು ಕೋಟು ಕೂಡ ಬಿಚ್ಚಿರಲಿಲ್ಲ. ಬೀಗತಿ ಮಾತ್ರ ತನ್ನ ಸ್ಟೂಲಿನ ಮೇಲೆಯೇ ಇದ್ದಳು. ಬೇಯಿಸಿದ ಆಲೂಗಡ್ಡೆ ಪಕ್ಕದ ಸಣ್ಣ ಕರೆಂಟ್ ಸ್ಟವ್ ಮೇಲೆ ಹಬೆಯಾಡುತ್ತಿತ್ತು. ಬಾಯ್ಲರಪ್ಪ ಎರಡು ಕೈಗೂ ದಪ್ಪ ಬಟ್ಟೆ ಸುತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಓವನ್ನಿನ ಬಾಗಿಲು ಎಳೆದ.

ಮುಖಕ್ಕೆ ಬಿಸಿ ಹೊಡೆಯಲಿಲ್ಲ.

ಕೋಳಿ ಬೆಳ್ಳಗೆ ಬಿದ್ದಿತ್ತು. ಎದೆಯ ಮೇಲಿನ ಬಟ್ಟೆ ಗಟ್ಟಿಯಾಗಿ ಅಂಟಿಕೊಂಡಿತ್ತು; ತಟ್ಟೆಯ ಅಂಚಿನಲ್ಲಿ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಹೊಲಿಗೆಯ ಸಂದಿಯಿಂದ ಇಣುಕುತ್ತಿದ್ದ ಸೊಪ್ಪು ಇನ್ನೂ ಹಸಿರಾಗಿತ್ತು.

‘ಯಾರು ಮುಟ್ಟಿದ್ದು?’

ಅಳಿಯ ಬಗ್ಗಿ ಓವನ್ನಿನೊಳಗೆ ನೋಡಿದ.

‘ಗ್ಯಾಸ್ ಯಾರು ನಿಲ್ಸಿದ್ದು ಅಂತ ಕೇಳ್ತಿದೀನಿ!’ ಬೆರಳು ಆಗಲೇ ಲಂಬುವಿನ ಕಡೆ ತಿರುಗಿತ್ತು. ‘ನೀನೇ! ಅವತ್ತೂ ನೀನೇ, ಇವತ್ತೂ ನೀನೇ! ಬರ್ನರ್ ತೊಳೆಯೋಕೆ ಮುಚ್ಚಿದ್ದು ನಿಜ. ಆದರೆ ನಾನು ತೆರೆದಿದ್ದೆ, ಹಚ್ಚಿದ್ದೆ. ಹಚ್ಚದೆ ಬಿಲ್ಲೆ ತೆಗೆಯೋನಲ್ಲ ನಾನು. ಬಿಲ್ಲೆ ನನ್ನ ಜೇಬಲ್ಲಿದೆ, ನೋಡಿ. ಆಮೇಲೆ ಯಾರೋ...’

ಬಿಲ್ಲೆಯನ್ನು ಎತ್ತಿ ಹಿಡಿದ ಕೈ ಅಲ್ಲೇ ನಿಂತಿತು. ಈ ಮಾತನ್ನು ಅವನು ಮೊದಲೂ ಆಡಿದ್ದ. ಮಗಳಿಗಂತೂ ಅದು ಬಾಯಿಪಾಠ. ಗಂಡನ ಮುಂದೆ, ಅತ್ತೆಯ ಮುಂದೆ ಎಷ್ಟು ಸಲ ಅದನ್ನೇ ಒಪ್ಪಿಸಿದ್ದಳೋ.

‘ಅವರು ಈಗ ತಾನೇ ಬಂದಿದ್ದು ಅಪ್ಪ’ ಎಂದಳು ನಿಧಾನವಾಗಿ. ‘ಬಂದಾಗಿಂದ ನನ್ನ ಜೊತೆ ಕುರ್ಚಿ ಹಾಕ್ತಿದ್ರು.’

ಬೀಗತಿ ಸೆರಗಿಗೆ ಕೈ ಒರೆಸಿಕೊಂಡಳು. ‘ಈಗ ಒಲೆ ವಿಷಯ ಮಾತಾಡಬಹುದಾ ಬೀಗರೇ?’

ಬಾಯ್ಲರಪ್ಪ ಬಿಲ್ಲೆ ಹಿಡಿದ ಕೈಯನ್ನು ಕೆಳಗಿಳಿಸಿದ.

‘ಬೆಳಿಗ್ಗೆಯಿಂದ ಈ ಅಡುಗೆಮನೆ ಬಿಟ್ಟು ಕದಲಿಲ್ಲ ನಾನು. ಒಂದು ನರಪಿಳ್ಳೆ ಆ ಒಲೆ ಹತ್ರ ಬಂದಿಲ್ಲ. ನೀವು ಬಿಲ್ಲೆ ತೆಗೆದ್ರಿ, ಜೇಬಿಗೆ ಹಾಕ್ಕೊಂಡ್ರಿ, ನನ್ನ ಹತ್ರ ಜಗಳ ಆಡಿದ್ರಿ, ಹೋದ್ರಿ. ವಾಲ್ವೂ ತಿರುಗಿಸಲಿಲ್ಲ, ಕಡ್ಡಿನೂ ಗೀರಲಿಲ್ಲ. ಹೇಳೋಣ ಅಂತ ಬಾಯಿ ತೆಗೆದೆ. ಒಂದಕ್ಷರ ಆಡಬೇಡ ಅಂದ್ರಿ. ಆಡಲಿಲ್ಲ.’

‘ಅಮ್ಮ!’ ಎಂದ ಅಳಿಯ. ‘ಎರಡು ಗಂಟೆ ಸುಮ್ನೆ ನೋಡ್ತಾ ಕೂತಿದ್ಯಾ?’

‘ಕಣ್ತುಂಬ ನೋಡ್ದೆ.’

ಕಿಟಕಿಯ ಕಟ್ಟೆಯ ಮೇಲೆ ಬೆಂಕಿಪೊಟ್ಟಣ ಇಟ್ಟಲ್ಲೇ ಇತ್ತು. ಬಾಯ್ಲರಪ್ಪನ ಕಣ್ಣು ಅದರ ಮೇಲೆ ಬಿತ್ತು. ಕಡ್ಡಿ ಗೀರಿದ ನೆನಪು ಅವನಿಗೆ ಚೆನ್ನಾಗಿಯೇ ಇತ್ತು. ಕೇಳಿದ್ದರೆ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತಿದ್ದ.

ಮಗಳು ಎದ್ದು ಬಂದು ಅವನ ಎದುರಿಗೆ ನಿಂತಳು. ‘ಅವತ್ತು ಬಾಯ್ಲರ್ ಸುಟ್ಟ ದಿನ, ಕೈಗವಸು ಹರಿದಿದೆ ಅಂತ ಸ್ಟೋರಿನವನ ಹತ್ರ ದೊಡ್ಡ ಜಗಳ ಆಯ್ತು ಅಂತ ಹೇಳಿದ್ರಲ್ಲ ಅಪ್ಪ. ಅದು ವಾಲ್ವ್ ತೆರೆದ ಮೇಲೆ ಆಗಿದ್ದಾ, ಅದಕ್ಕೂ ಮುಂಚೇನಾ?’

ಅವನು ಹುಡುಕಿದ. ಸ್ಟೋರಿನವನ ಬೊಜ್ಜು ಗಲ್ಲ ನೆನಪಿಗೆ ಬಂತು. ಹರಿದ ಕೈಗವಸು, ಅದರಿಂದ ಹೊರಗೆ ಬಂದ ತನ್ನ ಹೆಬ್ಬೆರಳು, ತಾನು ಬೈದ ಬೈಗುಳ, ಎಲ್ಲ ನಿನ್ನೆಯದರಂತೆ ಬಂತು. ವಾಲ್ವಿನ ಚಕ್ರವನ್ನು ಅಂಗೈ ತಿರುಗಿಸಿದ್ದು ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ. ಎರಡು ವರ್ಷ ಅದನ್ನು ಎಷ್ಟೊಂದು ಸಲ ಹೇಳಿದ್ದನೆಂದರೆ, ಹೇಳಿದ್ದೇ ನೆನಪಾಗಿ ಕೂತಿತ್ತು.

‘ಗೊತ್ತಿಲ್ಲ’ ಎಂದ.

ಆ ಪದ ಅವನ ಬಾಯಿಂದ ಬಂದದ್ದನ್ನು ಮಗಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅವಳ ಮುಖದಲ್ಲಿ ಏನೋ ಕಳಚಿಬಿತ್ತು. ಅವಳು ಅಳಲಿಲ್ಲ. ‘ನಾನು ಇವರೆಲ್ಲರ ಜೊತೆ ಜಗಳ ಆಡಿದೀನಲ್ಲ ಅಪ್ಪ’ ಎಂದಳು ಅಷ್ಟೇ.

ಆಗ ಲಂಬು ಬಾಯಿ ತೆರೆದ. ‘ನೀವು ಬಿಲ್ಲೆ ತೆಗೆದು ಜೇಬಿಗೆ ಹಾಕ್ಕೊಂಡಿದ್ದನ್ನ ಅವತ್ತು ನಾನು ನೋಡಿದೆ. ಮೇಸ್ತ್ರಿ ಬಿಲ್ಲೆ ತೆಗೆದ್ರು ಅಂದ್ರೆ ತೆರೆದಾಯ್ತು ಅಂದ್ಕೊಂಡು ವಾಲ್ವ್ ಕಡೆ ತಿರುಗಿ ಕೂಡ ನೋಡಲಿಲ್ಲ. ಸೋಪಿನ ಡ್ರಮ್ ಇಳಿಸೋಕೆ ಹೋದೆ. ನಾನು ಮಾಡಿದ ತಪ್ಪು ಅಷ್ಟೇ, ನಿಮ್ಮನ್ನ ನಂಬಿದ್ದು. ವಿಚಾರಣೇಲೂ ಇದನ್ನೇ ಹೇಳ್ದೆ. ನೀವು ಅಲ್ಲೇ ಕೂತಿದ್ರಿ.’

ಕೂತಿದ್ದ. ‘ಸುಳ್ಳು’ ಎಂದು ಕೂಗಿಯೂ ಇದ್ದ. ಬಾಯ್ಲರಪ್ಪ ಕೈಯಲ್ಲಿದ್ದ ಬಿಲ್ಲೆಯನ್ನು ಮೇಜಿನ ಮೇಲೆ ಲಂಬುವಿನ ಮುಂದೆ ಇಟ್ಟ. ಲಂಬು ಅದನ್ನು ಒಂದು ಬೆರಳಿನಲ್ಲಿ ವಾಪಸ್ ತಳ್ಳಿದ.

‘ನನಗೆ ಬೇಡ. ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಮೇಜಿನ ಮೇಲಿಡಿ. ಮರೆತಿರಬಹುದು ಅನ್ನಬೇಡಿ. ಮರೆತೆ ಅನ್ನಿ.’

ಬೆಳಿಗ್ಗೆಯಿಂದ ಮಸೆದಿಟ್ಟ ಮಾತುಗಳೆಲ್ಲ ಬಾಯ್ಲರಪ್ಪನ ಗಂಟಲಲ್ಲೇ ಇದ್ದವು. ಒಂದೂ ಕೆಲಸಕ್ಕೆ ಬರಲಿಲ್ಲ. ‘ಅಂತೀನಿ’ ಎಂದ. ಆ ಮಾತಿಗೆ ಯಾರೂ ಸಂತೋಷಪಡಲಿಲ್ಲ. ಬೀಗತಿ ತಟ್ಟೆಗಳಿಗೆ ಬರಿ ಆಲೂಗಡ್ಡೆ ಬಡಿಸತೊಡಗಿದಳು. ಅವನ ತಟ್ಟೆಗೂ ಹಾಕಿದಳು, ಎರಡು ಕಡಿಮೆ.

‘ಒಲೆ ಹಚ್ಚಿ’ ಎಂದಳು ಮಗಳು, ಅವನ ಮುಖ ನೋಡದೆ. ‘ಇನ್ನೂ ಮೂರು ಗಂಟೆ ಬೇಕು ಅದಕ್ಕೆ.’

ಬಾಯ್ಲರಪ್ಪ ಕಿಟಕಿಯ ಕಟ್ಟೆಯಿಂದ ಬೆಂಕಿಪೊಟ್ಟಣ ತೆಗೆದುಕೊಂಡ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಆರಿತು. ಮೂರನೆಯದನ್ನು ಹಿಡಿದು, ವಾಲ್ವ್ ತಿರುಗಿಸಿ, ಬುಡಕ್ಕೆ ಒಡ್ಡಿದ. ಭಗ್ ಎಂಬ ಸದ್ದು ಬಂತು. ಬಾಗಿಲು ಮುಚ್ಚಿ ಎದ್ದು ನಿಂತ. ‘ಹಚ್ಚಿದೀನಿ’ ಎಂದ.

ಲಂಬು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಓವನ್ನಿನ ಹತ್ತಿರ ಬಂದು, ಅಷ್ಟೆತ್ತರದ ಮೈಯನ್ನು ಮಡಿಸಿ ನೆಲಕ್ಕೆ ಮಂಡಿಯೂರಿ, ತೂತಿಗೆ ಕಣ್ಣಿಟ್ಟು ಸಾವಕಾಶವಾಗಿ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ ಹೇಳಿದ:

‘ಹೊತ್ತಿದೆ ಅಮ್ಮ.’